ಕಪ್ಪ ಕೊಡಲೊಲ್ಲದ ಲಾಪುಲಾಪು

ಕಂದಾಯದ ಕಡತಗಳ ನಡುವೆಯೇ ಸೇವಾವಧಿ ಕಳೆದ ನನ್ನನ್ನು ಫಿಲಿಪ್ಪೀನ್ಸಿನ ವೀರ ಲಾಪುಲಾಪುವಿನ ಕಥೆಯಲ್ಲಿ ಮೊದಲು ಸೆಳೆದದ್ದು ಕಪ್ಪದ ಪ್ರಸಂಗ. 1521ರಲ್ಲಿ ಸ್ಪೇನಿನ ದೊರೆಯ ಪರವಾಗಿ ಸಿಬು ದ್ವೀಪ ತಲುಪಿದ ಪೋರ್ಚುಗೀಸ್ ನಾವಿಕ ಫರ್ಡಿನಾಂಡ್ ಮೆಗಲನ್, ಅಲ್ಲಿನ ಅರಸ ಹುಮಾಬೊನ್‌ನನ್ನು ಕ್ರೈಸ್ತಮತಕ್ಕೆ ಸೇರಿಸಿದ. ಸುತ್ತಲಿನ ನಾಯಕರೂ ಸ್ಪೇನಿಗೆ ತಲೆಬಾಗಬೇಕೆಂದು ವಿಧಿಸಿದ. ಎದುರಿನ ಪುಟ್ಟ ಮಕ್ತಾನ್ ದ್ವೀಪದ ಇಬ್ಬರು ನಾಯಕರಲ್ಲಿ ಜುಲಾ ಎಂಬಾತ ಎರಡು ಮೇಕೆಗಳನ್ನು ಕಳುಹಿಸಿ, ಉಳಿದದ್ದಕ್ಕೆ ಲಾಪುಲಾಪು ಅಡ್ಡಿಯಾಗಿದ್ದಾನೆಂದು ದೂರಿತ್ತ. ವಸೂಲಿಯ ಕೆಲಸ ಬಲ್ಲವರಿಗೆ ಇಂಥ ದೂರು ಹೊಸದಲ್ಲ.

ಲಾಪುಲಾಪುವಿನ ಹುಟ್ಟುಸಾವುಗಳ ದಿನಾಂಕ ದಾಖಲಾಗಿಲ್ಲ. ಅವನ ಬಗೆಗಿನ ಪ್ರತ್ಯಕ್ಷ ಸಾಕ್ಷ್ಯ ಶತ್ರುಪಾಳಯದ ಅಂತೋನಿಯೊ ಪಿಗಾಫೆಟ್ಟಾನ ಪ್ರವಾಸಕಥನ. ಏಪ್ರಿಲ್ 27ರ ಬೆಳಗ್ಗೆ ಹುಮಾಬೊನ್‌ನ ನೆರವನ್ನು ನಿರಾಕರಿಸಿದ ಮೆಗಲನ್ 49 ಜನರೊಡನೆ ನೀರಿಗಿಳಿದ. ಬಂಡೆಗಳ ದೆಸೆಯಿಂದ ದೋಣಿಗಳು ದಡ ಸೇರಲಾಗದೆ, ಅವುಗಳಲ್ಲಿದ್ದ ತೋಪುಗಳು ನಿಷ್ಪ್ರಯೋಜಕವಾದವು. ಎದುರಾಳಿಗಳು ಸಾವಿರದ ಐನೂರಕ್ಕೂ ಮಿಕ್ಕಿದ್ದರಂತೆ. ಸೋತವರು ಕೊಟ್ಟ ಲೆಕ್ಕವಾದ್ದರಿಂದ ಸ್ವಲ್ಪ ಕಡಿತ ಮಾಡಿಕೊಳ್ಳುವುದೊಳ್ಳೆಯದು. ದೇಹಕ್ಕೆ ಕವಚವಿದೆ, ಕಾಲಿಗಿಲ್ಲ ಎಂಬುದನ್ನು ಮಕ್ತಾನಿನವರು ಬೇಗನೆ ಕಂಡುಕೊಂಡರು. ವಿಷದ ಬಾಣ ಮೆಗಲನ್‌ನ ಬಲಗಾಲಿಗೆ ನಾಟಿತು. ಒಂದು ತಾಸಿಗೂ ಹೆಚ್ಚಿನ ಹೋರಾಟದ ಬಳಿಕ ಎಡಗಾಲಿಗೆ ಬಿದ್ದ ಕತ್ತಿಯೇಟು ಅವನನ್ನು ನೀರಿನಲ್ಲಿ ಮುಗ್ಗರಿಸಿ ಕೆಡವಿತು. ಶವಕ್ಕೆ ಪ್ರತಿಯಾಗಿ ಬೇಕಾದಷ್ಟು ಸರಕು ಕೊಡುವೆವೆಂದರೂ ಗೆದ್ದವರು ಒಪ್ಪಲಿಲ್ಲ.

ಆರ್ನಿಸ್, ಎಸ್ಕ್ರಿಮಾ, ಕಾಲಿ ಎಂಬ ಹೆಸರುಗಳುಳ್ಳ ಸಮರಕಲೆಗೆ ಈತನೇ ಮೂಲಪುರುಷನೆಂಬ ನಂಬಿಕೆ ಅದನ್ನು ಕಲಿಯುವವರಲ್ಲಿ ಪ್ರಬಲವಾಗಿದೆ. ಪಿಗಾಫೆಟ್ಟಾನ ಬರಹದಲ್ಲಿರುವುದು ಬಿದಿರಿನ ಈಟಿ, ಬಾಣ, ಕಲ್ಲು, ಬೆಂಕಿಯಲ್ಲಿ ಹದಗೊಳಿಸಿದ ಗೂಟ, ಕತ್ತಿ, ದೊಣ್ಣೆವರಸೆಯ ಸುಳಿವಿಲ್ಲ. ಮೊದಲೆರಡು ಹೆಸರುಗಳಂತೂ ಸ್ಪ್ಯಾನಿಷ್ ಮೂಲದವು: ಒಂದು ಕವಚವನ್ನು, ಮತ್ತೊಂದು ಕತ್ತಿವರಸೆಯನ್ನು ಸೂಚಿಸುವ ಪದದಿಂದ ಬಂದದ್ದು. ಮೂರನೆಯದನ್ನು ನಮ್ಮ 'ಕಲಿ'ಯೊಡನೆ ಬೆಸೆಯುವ ಆಸೆ ನನಗೂ ಆಯಿತು. ಆದರೆ ಅದು ಜನಪ್ರಿಯವಾದದ್ದೇ 20ನೆಯ ಶತಮಾನದಲ್ಲಿ. ದ್ವೀಪವಾಸಿಗಳ ಆಯುಧಕೌಶಲಕ್ಕೆ ಆಳುವವರ ಕತ್ತಿವರಸೆಯೂ ಬೆರೆತು ಈ ಕಲೆ ರೂಪುಗೊಂಡಿತೆಂದೇ ನನ್ನ ಎಣಿಕೆ. ಕತ್ತಿಯೊಡನೆ ಕಠಾರಿ ಹಿಡಿಯುವ ವರಸೆಯ ಹೆಸರು ಇಂದಿಗೂ ಸ್ಪ್ಯಾನಿಷ್ ಭಾಷೆಯದೇ.

ಅಭ್ಯಾಸದ ಕ್ರಮವೂ ಸ್ವಾರಸ್ಯಕರ. ಅನೇಕ ಸಮರಕಲೆಗಳಲ್ಲಿ ಬರಿಗೈಯ ಪಾಠ ಮುಗಿದ ಮೇಲೆ ಆಯುಧ. ಇಲ್ಲಿ ಮೊದಲ ದಿನವೇ ಕೈಗೆ ಬೆತ್ತದ ಕೋಲು ಬರುತ್ತದೆ. ಏಟುಗಳಿಗೆ ಅವು ಬರುವ ಕೋನಕ್ಕನುಗುಣವಾಗಿ ಅಂಕಿಗಳಿವೆ. ಎರಡು ಕೋಲುಗಳನ್ನು ಚಾಪೆ ಹೆಣೆದಂತೆ ಆಡಿಸುವುದು ಸಿನವಾಲಿ. ಎದುರಾಳಿಯ ತಲೆಗೋ ಎದೆಗೋ ಗುರಿಯಿಡುವ ಮೊದಲು ಆಯುಧ ಹಿಡಿದ ಕೈಗೇ ಹೊಡೆಯಬೇಕೆಂಬುದು ಮುಖ್ಯ ಪಾಠ. ಇದನ್ನು ಹಾವಿನ ಹಲ್ಲು ಕೀಳುವುದು ಎನ್ನುತ್ತಾರೆ. ಕವಚವಿಲ್ಲದ ಕಾಲನ್ನು ಹುಡುಕಿದ ಮಕ್ತಾನಿನವರು ಇಲ್ಲಿ ನೆನಪಾಗುತ್ತಾರೆ.

ಓಪೊನ್ ಪಟ್ಟಣ 1961ರಲ್ಲಿ ಲಾಪುಲಾಪು ನಗರವಾಯಿತು. 2009ರ ಕಾಯಿದೆ ಆರ್ನಿಸನ್ನು ರಾಷ್ಟ್ರೀಯ ಸಮರಕಲೆಯೆಂದು ಘೋಷಿಸಿತು. ಆದರೆ ಕಪ್ಪ ತಪ್ಪಲಿಲ್ಲ. 1565ರಲ್ಲಿ ಲೆಗಾಸ್ಪಿ ಸಿಬುವಿನಲ್ಲಿ ಬಂದಿಳಿದ ಮೇಲೆ ಸ್ಪೇನಿನ ಆಳ್ವಿಕೆ ಬೇರೂರಿತು. ಕಪ್ಪ ರದ್ದಾದದ್ದು 1884ರಲ್ಲಿ. ಅದರ ಜಾಗಕ್ಕೆ ಹಣ ತೆತ್ತು ಪಡೆಯಬೇಕಾದ ಗುರುತುಚೀಟಿ ಬಂತು. 1896ರಲ್ಲಿ ಬೊನಿಫಾಸಿಯೊನ ಸಂಗಡಿಗರು ದಂಗೆಯೆದ್ದಾಗ ಮೊದಲು ಹರಿದೆಸೆದದ್ದು ಆ ಚೀಟಿಗಳನ್ನೇ.