ತಾವೇ ಬರೆದ ಪದದ ವಿರುದ್ಧ ನಿಂತ ವೈದ್ಯ

ಪ್ಲೇಸ್‌ಮೆಂಟ್ ಹತ್ತಿರ ಬಂದಂತೆ ನಮ್ಮ ಹಾಸ್ಟೆಲ್‌ನಲ್ಲಿ ಆ್ಯಪ್ಟಿಟ್ಯೂಡ್ ಪುಸ್ತಕಗಳು ದಿಂಬಿನ ಪಕ್ಕಕ್ಕೇ ಬಂದುಬಿಡುತ್ತವೆ. ಕೆಲಸ ಕೊಡುವ ಮುನ್ನ ಮನುಷ್ಯನ ಬುದ್ಧಿಯನ್ನು ಹೀಗೆ ಅಳೆದು ನೋಡುವ ಪದ್ಧತಿ ಶುರುಮಾಡಿದ ಪುಣ್ಯಾತ್ಮ ಯಾರಪ್ಪಾ ಎಂದು ಬೈದುಕೊಳ್ಳುತ್ತಲೇ ಒಂದು ದಿನ ಹುಡುಕಲು ಕೂತೆ. ಒಬ್ಬರೇ ಅಂತ ಸಿಗಲಿಲ್ಲ. ಸಿಕ್ಕ ಹಲವರಲ್ಲಿ ಒಬ್ಬರು ಇಂಗ್ಲೆಂಡಿನ ಚಾರ್ಲ್ಸ್ ಸ್ಯಾಮ್ಯುಯಲ್ ಮೈಯರ್ಸ್. ಕೈಗಾರಿಕಾ ಮನಶ್ಶಾಸ್ತ್ರಕ್ಕೆಂದೇ ಅಲ್ಲಿ ಒಂದು ಸಂಸ್ಥೆ ಕಟ್ಟಿದವರು. ಆದರೆ ಅವರ ಹೆಸರು ಉಳಿದಿರುವುದು ಅದಕ್ಕಲ್ಲ. ಯುದ್ಧದಿಂದ ಮನಸ್ಸು ಮುರಿದು ಬಂದ ಸೈನಿಕರ ಸ್ಥಿತಿಗೆ 'ಶೆಲ್ ಶಾಕ್' ಎಂಬ ಹೆಸರನ್ನು ವೈದ್ಯಕೀಯ ಪತ್ರಿಕೆಯಲ್ಲಿ ಮೊದಲು ಅಚ್ಚು ಮಾಡಿಸಿದವರು ಅವರು. ಆಮೇಲೆ ಆ ಹೆಸರನ್ನು ತೆಗೆಸಲು ಹೆಣಗಿದವರೂ ಅವರೇ. ಆ್ಯಪ್ಟಿಟ್ಯೂಡ್ ಪುಸ್ತಕ ಮಡಚಿಟ್ಟು ಅವರ ಬೆನ್ನು ಹತ್ತಿದೆ.

ಮೈಯರ್ಸ್ ಹುಟ್ಟಿದ್ದು 1873ರಲ್ಲಿ, ಲಂಡನ್ನಿನ ಯಹೂದಿ ಕುಟುಂಬದಲ್ಲಿ. ಕೇಂಬ್ರಿಜ್‌ನಲ್ಲಿ ವಿಜ್ಞಾನ ಓದಿ, ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯರಾದರು. ಪಿಟೀಲು ಚೆನ್ನಾಗಿ ನುಡಿಸುತ್ತಿದ್ದರು. 1898ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ನಡುವಿನ ಟಾರಸ್ ಜಲಸಂಧಿಯ ದ್ವೀಪಗಳಿಗೆ ಕೇಂಬ್ರಿಜ್‌ನ ಸಂಶೋಧನಾ ತಂಡ ಹೊರಟಾಗ, ಗುರು ರಿವರ್ಸ್ ಜೊತೆ ಅವರೂ ಹೋದರು. ಅಲ್ಲಿನ ಜನರ ಕಿವಿ, ಮೂಗು, ನಾಲಗೆಗಳ ಶಕ್ತಿ ಎಷ್ಟೆಂದು ಪರೀಕ್ಷಿಸಿದರು. ಅವರ ಹಾಡುಗಳನ್ನು ಮೇಣದ ಸಿಲಿಂಡರಿನ ಮೇಲೆ ಮುದ್ರಿಸಿಕೊಂಡರು. ಈ ಇಂದ್ರಿಯ ಪರೀಕ್ಷೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ವಾಪಸಾದ ಮೇಲೆ ಕೇಂಬ್ರಿಜ್‌ನಲ್ಲೇ ಪಾಠ, ಪಠ್ಯಪುಸ್ತಕ, ಪ್ರಯೋಗಾಲಯ ಅಂತ ನೆಮ್ಮದಿಯಾಗಿದ್ದರು.

1914ರಲ್ಲಿ ಮಹಾಯುದ್ಧ ಶುರುವಾದಾಗ ಅವರಿಗೆ 41 ವರ್ಷ. ವಯಸ್ಸಾಯಿತೆಂದು ಯುದ್ಧ ಇಲಾಖೆ ಬೇಡವೆಂದಿತು. ಮೈಯರ್ಸ್ ಸುಮ್ಮನಿರಲಿಲ್ಲ. ತಾವಾಗಿಯೇ ಫ್ರಾನ್ಸಿಗೆ ಹೋಗಿ, ಲ ಟೂಕೆ ಎಂಬ ಕಡಲ ತೀರದ ಊರಿನಲ್ಲಿ ಕೆಲಸ ಹಿಡಿದರು. ಅಲ್ಲಿನ ಜೂಜುಕಟ್ಟೆಯನ್ನೇ ಆಸ್ಪತ್ರೆ ಮಾಡಲಾಗಿತ್ತು. ವೆಸ್ಟ್‌ಮಿನ್‌ಸ್ಟರ್ ಡಚೆಸ್ ನಡೆಸುತ್ತಿದ್ದ ಆ ಆಸ್ಪತ್ರೆಗೇ 20 ವರ್ಷದ ಒಬ್ಬ ಸೈನಿಕ ಬಂದ. ನನ್ನದೇ ವಯಸ್ಸು.

ಅವನು ಮುಳ್ಳುತಂತಿಯಲ್ಲಿ ಸಿಕ್ಕಿಕೊಂಡಿದ್ದಾಗ ಸುತ್ತ ಶೆಲ್‌ಗಳು ಸಿಡಿದಿದ್ದವು. ಮೈಮೇಲೆ ದೊಡ್ಡ ಗಾಯವಿಲ್ಲ, ಆದರೆ ಕಣ್ಣು ಮಂಜು. ಇನ್ನೊಬ್ಬನ ಮೇಲೆ ಕಂದಕ ಕುಸಿದಿತ್ತು. ಮೂರನೆಯವನನ್ನು ಶೆಲ್ ಇಟ್ಟಿಗೆ ರಾಶಿಯ ಮೇಲಿಂದ ಎತ್ತಿ ಎಸೆದಿತ್ತು. ಮೈಯರ್ಸ್ ದ್ವೀಪದಲ್ಲಿ ಮಾಡಿದ್ದಂಥ ಪರೀಕ್ಷೆಗಳನ್ನು ಇಲ್ಲೂ ಮಾಡಿದರು. ಮೂವರಲ್ಲೂ ನೋಟದ ಹರವು ಕುಗ್ಗಿತ್ತು, ವಾಸನೆ ಮತ್ತು ರುಚಿ ಕೆಟ್ಟಿದ್ದವು, ನೆನಪು ತುಂಡಾಗಿತ್ತು. ಕಿವಿ ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಎಂಜಿನಿಯರಿಂಗ್ ವಿದ್ಯಾರ್ಥಿಯಾದ ನಾನು ಇಲ್ಲಿ ಸ್ವಲ್ಪ ಹೊತ್ತು ನಿಂತೆ. ಸ್ಫೋಟ ಎಂದರೆ ಒತ್ತಡದ ಅಲೆ. ಆ ಅಲೆ ದೇಹಕ್ಕೆ ಬಡಿದರೆ ಮೊದಲು ಪೆಟ್ಟು ತಿನ್ನುವ ಭಾಗಗಳಲ್ಲಿ ಕಿವಿಯ ತಮಟೆ ಒಂದು. ಅದು ನೆಟ್ಟಗಿದ್ದು ಮೂಗು, ನಾಲಗೆ ಕೈಕೊಟ್ಟಿವೆ ಎಂದರೆ ಕಾರಣ ಬರೀ ಸ್ಫೋಟವಲ್ಲ. ಮೈಯರ್ಸ್ ಕೂಡ ಈ ಲಕ್ಷಣಗಳು ಹಿಸ್ಟೀರಿಯಾವನ್ನು ಹೋಲುತ್ತವೆ ಎಂದು ಗುರುತಿಸಿದ್ದರು. ಆದರೂ 1915ರ ಫೆಬ್ರವರಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಗೆ ಬರೆದ ಲೇಖನದ ಶೀರ್ಷಿಕೆಯಲ್ಲಿ 'ಶೆಲ್ ಶಾಕ್' ಎಂದೇ ಇಟ್ಟರು. ಸೈನಿಕರ ಬಾಯಲ್ಲಿ ಓಡಾಡುತ್ತಿದ್ದ ಪದ, ಚಿಕ್ಕದು, ಚುರುಕಾದದ್ದು. ಒಳಗಿನ ಸಾಕ್ಷ್ಯ ಒಂದು ಹೇಳುತ್ತಿತ್ತು, ಮೇಲಿನ ಚೀಟಿ ಇನ್ನೊಂದು.

ಚೀಟಿಯೇ ಗೆದ್ದಿತು. ಸೇನೆ ಅದನ್ನು ಎರಡು ಮಾಡಿತು. ಶತ್ರುವಿನ ಶೆಲ್‌ನಿಂದಲೇ ಹೀಗಾಗಿದೆ ಎಂದಾದರೆ 'ಶೆಲ್ ಶಾಕ್ ಡಬ್ಲ್ಯು', ಅಂದರೆ ಗಾಯಾಳು. ತೋಳಿನ ಮೇಲೆ ಗಾಯದ ಗುರುತಿನ ಪಟ್ಟಿ, ಪಿಂಚಣಿಯ ಹಕ್ಕು. ಹಾಗಲ್ಲದೆ ಕುಸಿದಿದ್ದರೆ 'ಶೆಲ್ ಶಾಕ್ ಎಸ್', ಅಂದರೆ ಬರೀ ಕಾಯಿಲೆಯವನು. ಅವನಿಗೆ ಪಟ್ಟಿಯೂ ಇಲ್ಲ, ಪಿಂಚಣಿಯೂ ಇಲ್ಲ. ತಿಂಗಳುಗಟ್ಟಲೆ ಹೆಣಗಳ ನಡುವೆ ಕೂತು, ನಿದ್ದೆಯಿಲ್ಲದೆ, ಕೊನೆಗೊಂದು ದಿನ ಕೈ ನಡುಗಲು ಶುರುವಾದವನು ಎರಡನೆಯ ಸಾಲಿಗೆ. ಯಾವ ಸಾಲಿಗೂ ಸೇರದವರ ಪಾಡು ಇನ್ನೂ ಕೆಟ್ಟದಿತ್ತು. ಪಲಾಯನ, ಹೇಡಿತನ ಮುಂತಾದ ಆರೋಪದ ಮೇಲೆ ಆ ಯುದ್ಧದಲ್ಲಿ ತಮ್ಮದೇ ಸೇನೆಯ ಗುಂಡಿಗೆ ಬಲಿಯಾದ 306 ಮಂದಿಗೆ ಬ್ರಿಟನ್ ಕ್ಷಮಾದಾನ ಕೊಟ್ಟಿದ್ದು 2006ರಲ್ಲಿ. ಅವರಲ್ಲಿ ಎಷ್ಟು ಮಂದಿ ರೋಗಿಗಳಿದ್ದರೋ, ಈಗ ಪರೀಕ್ಷಿಸಿ ಹೇಳುವವರು ಯಾರು?

1916ರಲ್ಲಿ ಮೈಯರ್ಸ್ ಅವರನ್ನು ಸೇನೆಯ ಸಲಹಾ ಮನಶ್ಶಾಸ್ತ್ರಜ್ಞರನ್ನಾಗಿ ನೇಮಿಸಲಾಯಿತು. ಅದೇ ವರ್ಷದ ಜುಲೈ 1ರಂದು ಸೋಮ್ ಕದನ ಶುರು. ಮೊದಲ ದಿನವೇ ಬ್ರಿಟಿಷ್ ಪಡೆಯಲ್ಲಿ 57,000ಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಗಾಯಗೊಂಡರು. ಮನಸ್ಸು ಕುಸಿದವರ ಸಂಖ್ಯೆಯೂ ಒಮ್ಮೆಲೇ ಏರಿತು. ಅಷ್ಟು ಹೊತ್ತಿಗೆ ಮೈಯರ್ಸ್ ನೂರಾರು ಸೈನಿಕರನ್ನು ನೋಡಿದ್ದರು. ಅವರಲ್ಲಿ ಅನೇಕರ ಹತ್ತಿರ ಶೆಲ್ ಬಿದ್ದೇ ಇರಲಿಲ್ಲ. ಭಯ, ದಣಿವು, ಗೆಳೆಯನ ಸಾವು ಸಾಕಾಗಿತ್ತು. ಅವರು ಸೇನೆಗೆ ಮತ್ತೆ ಮತ್ತೆ ಹೇಳಿದ್ದು ಇಷ್ಟು: ಈ ಹೆಸರು ಬಿಡಿ. ಇಂಥವರನ್ನು ದೂರದ ಇಂಗ್ಲೆಂಡಿಗೆ ಸಾಗಿಸಬೇಡಿ. ಗುಂಡಿನ ಸದ್ದಿನಿಂದ ತುಸು ಆಚೆ, ಆದರೆ ರಣರಂಗಕ್ಕೆ ಹತ್ತಿರದಲ್ಲೇ ವಿಶೇಷ ಕೇಂದ್ರ ತೆರೆದು ತಕ್ಷಣ ಚಿಕಿತ್ಸೆ ಕೊಡಿ. ವರ್ಷದ ಕೊನೆಗೆ ಅಂಥ ಕೇಂದ್ರಗಳು ಬಂದವು.

ಹೆಸರೂ ಹೋಯಿತು, ಆದರೆ ಅವರು ಬಯಸಿದ ರೀತಿಯಲ್ಲಲ್ಲ. 1917ರಲ್ಲಿ ಹೊರಟ ಆದೇಶದ ಪ್ರಕಾರ ವೈದ್ಯರು 'ಶೆಲ್ ಶಾಕ್' ಎಂದು ಬರೆಯುವಂತಿಲ್ಲ. 'ನರಸಂಬಂಧಿ, ಇನ್ನೂ ರೋಗ ನಿರ್ಣಯವಾಗಿಲ್ಲ' ಎಂಬ ಅರ್ಥದ ನಾಲ್ಕು ಅಕ್ಷರ, ಎನ್‌ವೈಡಿಎನ್, ಅಷ್ಟೇ ಬರೆಯಬೇಕು. ಆಮೇಲೆ ಒಂದು ಫಾರ್ಮ್ ಆ ಸೈನಿಕನ ಕಮಾಂಡಿಂಗ್ ಅಧಿಕಾರಿಗೆ ಹೋಗುತ್ತದೆ. ಇವನು ನಿಜಕ್ಕೂ ಅಸಾಮಾನ್ಯ ಅಪಾಯಕ್ಕೆ ಒಡ್ಡಿಕೊಂಡಿದ್ದನೇ ಎಂದು ಅವರು ತುಂಬಿ ಕಳಿಸಬೇಕು. ಮಂಚದ ಪಕ್ಕ ನಿಂತ ವೈದ್ಯರಲ್ಲ, ಎಲ್ಲೋ ಕಂದಕದಲ್ಲಿರುವ ಅಧಿಕಾರಿ ರೋಗ ನಿರ್ಣಯಕ್ಕೆ ಸಾಕ್ಷಿ! ಈ ನಡುವೆ ಮೈಯರ್ಸ್ ಅವರ ಅಧಿಕಾರವನ್ನು ಮೊಟಕುಗೊಳಿಸಿ, ಅರ್ಧ ಭಾಗವನ್ನು ನರರೋಗ ತಜ್ಞ ಗೋರ್ಡನ್ ಹೋಮ್ಸ್ ಅವರಿಗೆ ವಹಿಸಲಾಗಿತ್ತು. ಇಬ್ಬರ ದೃಷ್ಟಿ ಬೇರೆ ಬೇರೆ. ಬೇಸತ್ತ ಮೈಯರ್ಸ್ 1917ರಲ್ಲೇ ಇಂಗ್ಲೆಂಡಿಗೆ ಮರಳಿದರು.

ಅವರು ಗಮನಿಸಿದ ಒಂದು ಸಂಗತಿ ನನ್ನನ್ನು ಈಗಲೂ ಕಾಡುತ್ತದೆ. ಆಘಾತವಾದ ಸೈನಿಕನಲ್ಲಿ ಇಬ್ಬರು ಇರುತ್ತಾರೆ ಎಂದು ಅವರು ಕಂಡುಕೊಂಡಿದ್ದರು. ಒಬ್ಬ ಆ ಕ್ಷಣದಲ್ಲೇ ಸಿಕ್ಕಿಹಾಕಿಕೊಂಡು ಬೆವರುವವನು. ಇನ್ನೊಬ್ಬ ಮೇಲ್ನೋಟಕ್ಕೆ ಏನೂ ಆಗದವನಂತೆ ಉಣ್ಣುತ್ತಾ, ಮಾತಾಡುತ್ತಾ ಇರುವವನು, ಆದರೆ ಆ ಕ್ಷಣದ ನೆನಪೇ ಇಲ್ಲದವನು. ಸಂಮೋಹನದ ಮೂಲಕ ಆ ನೆನಪನ್ನು ವಾಪಸ್ ತಂದು ಇಬ್ಬರನ್ನೂ ಒಂದುಗೂಡಿಸಲು ಅವರು ಯತ್ನಿಸುತ್ತಿದ್ದರು. ರೋಗ ನಿರ್ಣಯ ಕಷ್ಟವಾಗುವುದು ಆ ಎರಡನೆಯವನಿಂದಲೇ.

ಇದನ್ನು ಓದುವಾಗ ಸೇನೆಯಿಂದ ನಿವೃತ್ತರಾದ ನನ್ನ ದೊಡ್ಡಪ್ಪ ನೆನಪಾದರು. ಮದುವೆ ಮನೆಯಲ್ಲೂ ಬಾಗಿಲಿಗೆ ಮುಖ ಮಾಡಿಯೇ ಕೂರುತ್ತಾರೆ. ದೀಪಾವಳಿಗೆ ಊರಿನ ಮಕ್ಕಳು ಪಟಾಕಿ ಹಚ್ಚುವ ಹೊತ್ತಿಗೆ ತೋಟದ ಮನೆಗೆ ಹೋಗಿಬಿಡುತ್ತಾರೆ. ನಾವೆಲ್ಲ ಅದನ್ನು ಮಿಲಿಟರಿ ಶಿಸ್ತು ಎಂದುಕೊಂಡಿದ್ದೆವು. ಅವರಿಗೆ ಕಾಯಿಲೆಯಿದೆ ಎಂದು ನಾನು ಹೇಳುತ್ತಿಲ್ಲ. ಅದು ನನ್ನ ಕೆಲಸವೂ ಅಲ್ಲ. ಯಾರೂ ಕೇಳಿಲ್ಲ, ಅಷ್ಟೇ.

ಇಂದು ಕೇಳುವ ವಿಧಾನವಿದೆ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಹೋರಾಟದ ನಂತರ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಗೆ ಪಿಟಿಎಸ್‌ಡಿ ಎಂಬ ಕಾಯಿಲೆಯನ್ನು ಸೇರಿಸಿತು. ಅದನ್ನು ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿ ಹೇಳಲಾಗದು. ಸಾವು ಅಥವಾ ತೀವ್ರ ಗಾಯದ ಅಪಾಯಕ್ಕೆ ಒಡ್ಡಿಕೊಂಡದ್ದು ನಿಜವೇ, ಅದು ಬೇಡವೆಂದರೂ ಕನಸಿನಲ್ಲಿ, ಎಚ್ಚರದಲ್ಲಿ ನುಗ್ಗಿ ಬರುತ್ತದೆಯೇ, ಅದನ್ನು ನೆನಪಿಸುವ ಜಾಗ, ಮಾತುಗಳಿಂದ ತಪ್ಪಿಸಿಕೊಳ್ಳುತ್ತಾರೆಯೇ, ತನ್ನ ಬಗ್ಗೆ, ಲೋಕದ ಬಗ್ಗೆ ಭಾವನೆ ಕಹಿಯಾಗಿದೆಯೇ, ಸದಾ ಕಾವಲು ಕಾಯುವಂತೆ ಬೆಚ್ಚುತ್ತಾರೆಯೇ, ಇದೆಲ್ಲ ಒಂದು ತಿಂಗಳಿಗಿಂತ ಹೆಚ್ಚು ಕಾಲ ಇದ್ದು ಬದುಕಿಗೆ ಅಡ್ಡಿಯಾಗಿದೆಯೇ ಎಂದು ತಜ್ಞರು ಕೂತು ವಿಚಾರಿಸುತ್ತಾರೆ. ಸೈನಿಕರೇ ತುಂಬುವ 20 ಪ್ರಶ್ನೆಗಳ ಪಟ್ಟಿ ಪಿಸಿಎಲ್-5 ಇದೆ, ಆದರೆ ಅದೊಂದರಿಂದಲೇ ತೀರ್ಮಾನವಿಲ್ಲ. ಲಕ್ಷಣಗಳು ತಿಂಗಳುಗಳ ನಂತರ ಪೂರ್ತಿಯಾಗಿ ಕಾಣಿಸಿಕೊಳ್ಳುವುದೂ ಉಂಟು. ಶೆಲ್ ಎಷ್ಟು ಅಡಿ ದೂರದಲ್ಲಿ ಬಿತ್ತು ಎಂಬುದು ಈ ಕಾಯಿಲೆಯ ಅಳತೆಗೋಲಲ್ಲ.

ಯುದ್ಧ ಮುಗಿದ ಮೇಲೆ ಶೆಲ್ ಶಾಕ್ ಬಗ್ಗೆ ವಿಚಾರಿಸಲು ಬ್ರಿಟಿಷ್ ಸರ್ಕಾರ ಸಮಿತಿ ನೇಮಿಸಿತು. ಅದು 1922ರಲ್ಲಿ ವರದಿ ಕೊಟ್ಟಿತು. ಮೈಯರ್ಸ್ ಅವರನ್ನೂ ಕರೆದಿದ್ದರು, ಅವರು ಹೋಗಲಿಲ್ಲ. ಆ ದಿನಗಳನ್ನು ಮತ್ತೆ ಕೆದಕುವುದು ಅವರಿಂದ ಆಗುತ್ತಿರಲಿಲ್ಲ. ಅವರು ಹೋಗಬೇಕಿತ್ತು ಎಂದು ನನಗನ್ನಿಸುತ್ತದೆ, ಜೊತೆಗೆ ಇಪ್ಪತ್ತರ ವಯಸ್ಸಿನಲ್ಲಿ ಹಾಸ್ಟೆಲ್‌ನಲ್ಲಿ ಕೂತು ಹಾಗೆ ಹೇಳುವುದು ಸುಲಭ ಎಂದೂ ಅನ್ನಿಸುತ್ತದೆ. ಅಷ್ಟರಲ್ಲಿ ಅವರು 1921ರಲ್ಲಿ ರಾಷ್ಟ್ರೀಯ ಕೈಗಾರಿಕಾ ಮನಶ್ಶಾಸ್ತ್ರ ಸಂಸ್ಥೆ ಕಟ್ಟಿದ್ದರು. ಕಾರ್ಖಾನೆ, ಗಣಿಗಳಲ್ಲಿ ದುಡಿಯುವವರ ದಣಿವು, ಯಾರಿಗೆ ಯಾವ ಕೆಲಸ ಹೊಂದುತ್ತದೆ ಎಂಬ ಪರೀಕ್ಷೆ, ಇವೇ ಮುಂದಿನ ವರ್ಷಗಳ ಕೆಲಸ.

ತಮ್ಮ ಯುದ್ಧದ ದಿನಗಳನ್ನು ಅವರು ಪುಸ್ತಕವಾಗಿ ಹೊರತಂದದ್ದು 1940ರಲ್ಲಿ, ಇನ್ನೊಂದು ಮಹಾಯುದ್ಧ ಶುರುವಾದ ಮೇಲೆ. 'ಶೆಲ್ ಶಾಕ್' ಎಂಬುದು ಸರಿಯಾದ ಆಯ್ಕೆಯಲ್ಲ ಎಂದು ಅದರಲ್ಲಿ ಬರೆದರು. 1946ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆ ಪುಸ್ತಕದ ಹೆಸರು, ಬೇರೆ ಯಾವ ಪದ ಇಟ್ಟರೂ ಜನರಿಗೆ ಗುರುತು ಸಿಗುತ್ತಿರಲಿಲ್ಲವೋ ಏನೋ, 'ಶೆಲ್ ಶಾಕ್ ಇನ್ ಫ್ರಾನ್ಸ್'.