ಥಾಮಸ್ ಮನ್ರೋ

ಸರ್ ಥಾಮಸ್ ಮನ್ರೋ (27 ಮೇ 1761 – 6 ಜುಲೈ 1827) ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಮತ್ತು ಆಡಳಿತಗಾರರು. 1820ರಿಂದ ಮರಣದವರೆಗೆ ಮದ್ರಾಸ್ ಪ್ರಾಂತ್ಯದ ಗವರ್ನರರಾಗಿದ್ದರು. ರೈತವಾರಿ ಕಂದಾಯ ಪದ್ಧತಿಯಿಂದ ಇವರು ಪ್ರಸಿದ್ಧರು. ಸರ್ಕಾರಿ ನೌಕರರ ಸುಳ್ಳು ಲೆಕ್ಕ ಹಾಗೂ ಲಂಚವನ್ನು ವಿಚಾರಿಸಲು ಇವರ ಆಡಳಿತದಲ್ಲಿ ಜಾರಿಯಾದ ಶಾಸನ ಅಷ್ಟು ಪರಿಚಿತವಲ್ಲ.

ಗ್ಲಾಸ್ಗೋ ನಗರದ ವರ್ತಕ ಕುಟುಂಬದಲ್ಲಿ ಜನಿಸಿದ ಮನ್ರೋ 1780ರಲ್ಲಿ ಮದ್ರಾಸಿಗೆ ಬಂದು ಹೈದರಾಲಿಯ ವಿರುದ್ಧದ ಯುದ್ಧದಲ್ಲಿ ಭಾಗವಹಿಸಿದರು. ಬಾರಾಮಹಲ್, ಕೆನರಾ ಮತ್ತು ಬಳ್ಳಾರಿ ಸೇರಿದ್ದ ದತ್ತ ಮಂಡಲಗಳಲ್ಲಿ ಕಂದಾಯಾಡಳಿತ ನಡೆಸಿದರು. 1799ರಲ್ಲಿ ಟಿಪ್ಪುವಿನ ರಾಜ್ಯವನ್ನು ಹಂಚಿದ ಆಯೋಗಕ್ಕೆ ಜಾನ್ ಮಾಲ್ಕಮ್ ಜೊತೆಗೆ ಇವರೂ ಕಾರ್ಯದರ್ಶಿ. ಆ ಹಂಚಿಕೆಯಲ್ಲಿ ಕೊಳ್ಳೇಗಾಲ, ಹನೂರು ಸೀಮೆಯು ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು; ನೆರೆಯ ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು.

ಕೊಯಮತ್ತೂರಿನ ವಿಚಾರಣೆ

ರೈತವಾರಿಯಲ್ಲಿ ಪ್ರತಿ ರೈತನ ಹೆಸರಿಗೂ ಪ್ರತ್ಯೇಕ ಲೆಕ್ಕವಿರುತ್ತಿತ್ತು. ಅದನ್ನು ಬರೆಯುವವನು ಗ್ರಾಮದ ಕರಣಂ, ತಿದ್ದುವವರು ತಾಲ್ಲೂಕು ಕಚೇರಿಯವರು. ಕಟ್ಟಿದ ಹಣವನ್ನು ಬಾಕಿಯೆಂದು ತೋರಿಸಿದರೆ ಓದುಬಾರದ ರೈತನಿಗೆ ತಿಳಿಯುವ ದಾರಿಯಿರಲಿಲ್ಲ. ಕೊಯಮತ್ತೂರು ಜಿಲ್ಲೆಯಲ್ಲಿ ಈ ದೋಷ ಖಜಾನೆಯವರೆಗೂ ಮುಟ್ಟಿತ್ತು. ಕಲೆಕ್ಟರ್ ವಿಲಿಯಂ ಗ್ಯಾರೋ ಅವರ ಕಾಲದಲ್ಲಿ ಜಿಲ್ಲಾ ಖಜಾಂಚಿ ಕಾಸಿ ಚೆಟ್ಟಿಯ ಮೇಲೆ ಭಾರಿ ಅವ್ಯವಹಾರದ ಆರೋಪ ಬಂದಾಗ, 1816ರ ಸುಮಾರಿಗೆ ಮನ್ರೋ ಮತ್ತು ಜಾನ್ ಸುಲ್ಲಿವನ್ ತನಿಖೆ ನಡೆಸಿದರು. ನೌಕರರಿಗೆ ಅಲ್ಪ ಸಂಬಳ ಕೊಟ್ಟು ಅಪಾರ ಹಣವನ್ನು ಅವರ ಕೈಗಿಡುವುದೇ ಭ್ರಷ್ಟತೆಗೆ ಕಾರಣವೆಂಬುದು ಮನ್ರೋ ಅವರ ದೃಢ ಅಭಿಪ್ರಾಯವಾಗಿತ್ತು. ಭಾರತೀಯರಿಗೆ ಉನ್ನತ ಹುದ್ದೆ ಮತ್ತು ತಕ್ಕ ವೇತನ ನೀಡಬೇಕೆಂದು ಅವರು ಪದೇ ಪದೇ ವಾದಿಸಿದರು.

1822ರ ಶಾಸನ

ಮನ್ರೋ ಗವರ್ನರರಾಗಿದ್ದಾಗ 1822ರ 9ನೇ ರೆಗ್ಯುಲೇಷನ್ ಜಾರಿಗೆ ಬಂದಿತು. ಸರ್ಕಾರಿ ಹಣದ ದುರುಪಯೋಗ, ಲೆಕ್ಕಪತ್ರಗಳ ತಿದ್ದುಪಡಿ, ನಾಶ ಅಥವಾ ಮರೆಮಾಚುವಿಕೆ, ಲಂಚ ಮುಂತಾದ ಆರೋಪಗಳನ್ನು ಮೊದಲ ಹಂತದಲ್ಲಿ ವಿಚಾರಿಸುವ ಅಧಿಕಾರವನ್ನು ಇದು ಕಲೆಕ್ಟರರಿಗೆ ಕೊಟ್ಟಿತು. ಮದ್ರಾಸ್ ಪ್ರಾಂತ್ಯದ ಭಾಗವಾಗಿದ್ದ ಕೊಳ್ಳೇಗಾಲ ಇದರ ವ್ಯಾಪ್ತಿಗೆ ಒಳಪಟ್ಟಿತು. ಕೆಲವೇ ಮೈಲಿ ದೂರದ ಯಳಂದೂರು ಒಳಪಡಲಿಲ್ಲ.

ದೂರದ ನ್ಯಾಯಾಲಯಕ್ಕೆ ಅಲೆಯಲಾರದ ರೈತನಿಗೆ ಇದು ಅನುಕೂಲವೇ. ಆದರೆ ಕಂದಾಯ ವಸೂಲು ಮಾಡುವ ಇಲಾಖೆಯೇ ತನ್ನ ನೌಕರರ ತಪ್ಪನ್ನೂ ವಿಚಾರಿಸುವಂತಾಯಿತು. 1816ರ ಸುಧಾರಣೆಗಳಲ್ಲಿ ಪೊಲೀಸ್ ಅಧಿಕಾರವನ್ನೂ ಕಲೆಕ್ಟರರಿಗೆ ವಹಿಸಲಾಗಿತ್ತು. ಕಂದಾಯ ವಸೂಲಿಗಾಗಿ ಕೆಳ ನೌಕರರು ರೈತರನ್ನು ಹಿಂಸಿಸುತ್ತಿದ್ದುದನ್ನು 1855ರ ಮದ್ರಾಸ್ ಚಿತ್ರಹಿಂಸೆ ಆಯೋಗ ಬಯಲು ಮಾಡಿತು. ಕಲೆಕ್ಟರರ ಮೇಲೆ ಮನ್ರೋ ಇಟ್ಟ ನಂಬಿಕೆ ಅತಿಯಾಯಿತೆಂದೇ ಹೇಳಬೇಕು.

ಮರಣ

ದತ್ತ ಮಂಡಲಗಳ ಪ್ರವಾಸದಲ್ಲಿದ್ದಾಗ ಕಾಲರಾ ತಗುಲಿ ಪತ್ತಿಕೊಂಡದಲ್ಲಿ ನಿಧನರಾದರು. ಗುತ್ತಿಯಲ್ಲಿ ಸಮಾಧಿ ಮಾಡಿದ ದೇಹವನ್ನು ಬಳಿಕ ಮದ್ರಾಸಿನ ಸೇಂಟ್ ಮೇರಿ ಚರ್ಚಿಗೆ ಸ್ಥಳಾಂತರಿಸಲಾಯಿತು. ಕೊಳ್ಳೇಗಾಲವು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು.