ಗ್ಲೌಬರನೂ ಅವನ ಅದ್ಭುತ ಲವಣವೂ

ನಮ್ಮ ರಾಮದುರ್ಗ, ಸುರೇಬಾನಗಳು ನೇಕಾರಿಕೆಗೆ ಹೆಸರಾದ ಊರುಗಳು. ಹತ್ತಿಯ ನೂಲಿಗೆ ಬಣ್ಣ ಹಾಕುವುದನ್ನು ನಿಂತು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಕಾದ ನೀರಿನಲ್ಲಿ ಬಣ್ಣದ ಪುಡಿಯನ್ನು ಕರಗಿಸಿ ನೂಲಿನ ಲಡಿಗಳನ್ನು ಮುಳುಗಿಸಿದ ಮಾತ್ರಕ್ಕೆ ಬಣ್ಣವು ನೂಲಿಗೆ ಚೆನ್ನಾಗಿ ಹತ್ತುವುದಿಲ್ಲ. ಅದಕ್ಕೆ ಉಪ್ಪು ಬೇಕು. ಕೆಲವೊಮ್ಮೆ ಅದು ಅಡಿಗೆಯ ಉಪ್ಪೇ ಆಗಿರುತ್ತದೆ. ಅನೇಕ ಬಣ್ಣಗಳಿಗೆ ಬೇರೊಂದು ಬಿಳಿಯ ಉಪ್ಪನ್ನು ಹಾಕುತ್ತಾರೆ. ಶಾಸ್ತ್ರದಲ್ಲಿ ಇದರ ಹೆಸರು ಸೋಡಿಯಂ ಸಲ್ಫೇಟ್. ವ್ಯಾಪಾರದಲ್ಲಿ ಇಂದಿಗೂ ಇದನ್ನು ಗ್ಲೌಬರ್ ಸಾಲ್ಟ್ ಎಂದೇ ಕರೆಯುತ್ತಾರೆ. ಮುನ್ನೂರೈವತ್ತು ವರ್ಷಗಳ ಹಿಂದೆ ತೀರಿಹೋದ ಪರದೇಶದ ಮನುಷ್ಯನೊಬ್ಬನ ಹೆಸರು ನಮ್ಮ ಬಣ್ಣದ ಕಡಾಯಿಯ ಬಳಿಗೆ ಬಂದುದು ಹೇಗೆ? ಅವನ ಬಾಳನ್ನು ತಿಳಿಯುವುದು ನಮ್ಮ ವಿದ್ಯಾರ್ಥಿಗಳಿಗೆ ಉಪಯುಕ್ತವೆಂದು ಭಾವಿಸಿ ಈ ಲೇಖನವನ್ನು ಬರೆದಿದೆ.

ಯೋಹಾನ್ ರುಡೋಲ್ಫ್ ಗ್ಲೌಬರನು ಕ್ರಿ.ಶ. 1604ರಲ್ಲಿ ಜರ್ಮನಿಯ ಮಾಯಿನ್ ನದಿಯ ದಂಡೆಯ ಮೇಲಿರುವ ಕಾರ್ಲ್‌ಸ್ಟಾಟ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ತಂದೆ ಕ್ಷೌರಿಕ, ಮಕ್ಕಳೊಂದಿಗನಾದ ದೊಡ್ಡ ಸಂಸಾರ. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಗ್ಲೌಬರನು ಹತ್ತಲಿಲ್ಲ. ಆದರೆ ವಸ್ತುಗಳನ್ನು ಕಾಯಿಸುವುದು, ಕರಗಿಸುವುದು, ಭಟ್ಟಿ ಇಳಿಸುವುದು ಇವುಗಳಲ್ಲಿ ಅವನಿಗೆ ಅಪಾರ ಆಸಕ್ತಿ. ಊರೂರು ತಿರುಗಿ, ಔಷಧಿ ತಯಾರಿಸುವವರ ಹಾಗೂ ಲೋಹಗಾರರ ಬಳಿ ನೋಡಿ ನೋಡಿಯೇ ಅವನು ರಸಾಯನವಿದ್ಯೆಯನ್ನು ಕಲಿತನು. ಅವನಿಗೆ ಹದಿನಾಲ್ಕು ವರ್ಷವಾದಾಗ, 1618ರಲ್ಲಿ, ಜರ್ಮನಿಯನ್ನು ಹಾಳುಗೆಡಹಿದ ಮೂವತ್ತು ವರ್ಷಗಳ ಯುದ್ಧವು ಆರಂಭವಾಯಿತು. ಅದು ಮುಗಿದದ್ದು 1648ರಲ್ಲಿ. ಹೀಗೆ ಅವನ ಯೌವನವೆಲ್ಲವೂ ಯುದ್ಧದ ನಡುವೆಯೇ ಕಳೆಯಿತು.

ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಆಸ್ಟ್ರಿಯಾ ದೇಶದಲ್ಲಿ ಸಂಚರಿಸುತ್ತಿದ್ದಾಗ, ಅವನಿಗೆ ಕಠಿಣವಾದ ಜ್ವರ ಬಂದಿತು. ಜ್ವರ ಇಳಿದರೂ ಹೊಟ್ಟೆಯು ಅನ್ನವನ್ನು ತಾಳಲಿಲ್ಲ. ವೀನರ್ ನಾಯ್‌ಷ್ಟಾಟ್ ಎಂಬ ಊರಿನ ಸಮೀಪದ ಒಂದು ಬುಗ್ಗೆಯ ನೀರನ್ನು ಕುಡಿಯುವಂತೆ ಅಲ್ಲಿಯ ಜನರು ಹೇಳಿದರು. ಅದನ್ನು ಕುಡಿದ ಮೇಲೆ ಅವನ ಹಸಿವು ಮರಳಿತು. ಬೇರೆಯವರಾಗಿದ್ದರೆ ಇಷ್ಟಕ್ಕೆ ಸಂತೋಷಪಟ್ಟು ಮುಂದಿನ ಊರಿಗೆ ಹೊರಟುಬಿಡುತ್ತಿದ್ದರು. ಗ್ಲೌಬರನು ಹಾಗೆ ಮಾಡಲಿಲ್ಲ. ಗುಣ ಮಾಡಿದ್ದು ಯಾವುದು ಎಂದು ತಿಳಿಯಲು ನೀರನ್ನು ಆವಿಯಾಗಿಸಿ ನೋಡಿದನು. ಪಾತ್ರೆಯಲ್ಲಿ ಉದ್ದನೆಯ ಸ್ಫಟಿಕಗಳು ಉಳಿದವು. ಊರಿನವರು ಅದನ್ನು ಪೆಟ್ಲುಪ್ಪು ಎಂದು ನಂಬಿದ್ದರು. ಅದು ಪೆಟ್ಲುಪ್ಪಲ್ಲವೆಂಬುದು ಅವನಿಗೆ ಖಚಿತವಾಗಲು ಇನ್ನೂ ಹಲವು ವರ್ಷಗಳು ಹಿಡಿದವು.

ಮುಂದೆ ಅವನು ಗೀಸೆನ್ ಪಟ್ಟಣದಲ್ಲಿ ಅರಮನೆಯ ಔಷಧಾಲಯದಲ್ಲಿ ಕೆಲಸ ಮಾಡಿದನು. ಯುದ್ಧದ ಹಾವಳಿಯನ್ನು ತಪ್ಪಿಸಿಕೊಂಡು ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರವನ್ನು ಸೇರಿದನು. ಅಲ್ಲಿ ಆಮ್ಲಗಳನ್ನು ತಯಾರಿಸಿ ಮಾರುವುದು ಅವನ ಜೀವನೋಪಾಯವಾಯಿತು. ಅಡಿಗೆಯ ಉಪ್ಪಿಗೆ ಗಂಧಕಾಮ್ಲವನ್ನು ಸುರಿದು ಕಾಯಿಸಿದರೆ ಹೊಗೆಯಾಡುವ ಲವಣಾಮ್ಲವು ಹೊರಬರುತ್ತದೆ. ಅದನ್ನು ತಣಿಸಿ ಹಿಡಿದಿಟ್ಟರೆ ಮಾರಾಟಕ್ಕೆ ಸಿದ್ಧ. ಪೆಟ್ಲುಪ್ಪಿನಿಂದ ಇದೇ ರೀತಿ ಪ್ರಬಲವಾದ ನೈಟ್ರಿಕ್ ಆಮ್ಲವನ್ನೂ ಅವನು ಪಡೆದನು. ಆಮ್ಲ ಹೋದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ಬಿಳಿಯ ಗಟ್ಟಿಯನ್ನು ರಸವಾದಿಗಳು ಸತ್ತ ವಸ್ತುವೆಂದು ಕರೆದು ಎಸೆಯುತ್ತಿದ್ದರು. ಗ್ಲೌಬರನು ಅದನ್ನು ಎಸೆಯದೆ ನೀರಿನಲ್ಲಿ ಕರಗಿಸಿ, ಸೋಸಿ, ತಣ್ಣಗಾಗಲು ಬಿಟ್ಟನು. ಮರುದಿನ ಕಂಡದ್ದು ಆ ಬುಗ್ಗೆಯ ನೀರಿನಲ್ಲಿ ಕಂಡಂಥ ಉದ್ದನೆಯ ಸ್ಫಟಿಕಗಳೇ! ನಿಸರ್ಗದಲ್ಲಿ ದೊರೆತ ವಸ್ತುವೂ ತನ್ನ ಕೈಯಿಂದ ತಯಾರಾದ ವಸ್ತುವೂ ಒಂದೇ ಎಂದು ಅವನು ಅರಿತನು. ಅದಕ್ಕೆ ಅದ್ಭುತ ಲವಣವೆಂಬ ಅರ್ಥದ ಲ್ಯಾಟಿನ್ ಹೆಸರನ್ನಿಟ್ಟನು.

ಈ ಲವಣದ ಗುಣಗಳು ನಿಜವಾಗಿಯೂ ಕೌತುಕವನ್ನುಂಟುಮಾಡುತ್ತವೆ. ಅದರ ಸ್ಫಟಿಕದ ಪ್ರತಿಯೊಂದು ಅಣುವಿನೊಡನೆ ನೀರಿನ ಹತ್ತು ಅಣುಗಳು ಸೇರಿರುತ್ತವೆ. ಮುಟ್ಟಿದರೆ ಒಣಗಿದಂತೆ ತೋರುವ ನೂರು ಗ್ರಾಂ ಸ್ಫಟಿಕದಲ್ಲಿ ಸುಮಾರು 56 ಗ್ರಾಂ ನೀರೇ ಇರುತ್ತದೆ. ಒಣಹವೆಯಲ್ಲಿಟ್ಟರೆ ಈ ನೀರು ಹಾರಿಹೋಗಿ, ಗಾಜಿನಂತಿದ್ದ ಸ್ಫಟಿಕವು ಬಿಳಿಯ ಹಿಟ್ಟಾಗುತ್ತದೆ. ಸುಮಾರು 32.4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ತನ್ನ ನೀರಿನಲ್ಲಿ ತಾನೇ ಕರಗತೊಡಗುತ್ತದೆ. ಸಾಮಾನ್ಯವಾಗಿ ನೀರು ಬಿಸಿಯಾದಷ್ಟೂ ಲವಣಗಳು ಹೆಚ್ಚು ಕರಗುತ್ತವೆ. ಇದರ ನಡೆಯೇ ಬೇರೆ. ನೂರು ಗ್ರಾಂ ನೀರಿನಲ್ಲಿ ಸೊನ್ನೆ ಡಿಗ್ರಿಯಲ್ಲಿ ಸುಮಾರು 5 ಗ್ರಾಂ, 32.4 ಡಿಗ್ರಿಯಲ್ಲಿ ಸುಮಾರು 50 ಗ್ರಾಂ ಕರಗುತ್ತದೆ. ಅಲ್ಲಿಂದ ಮುಂದೆ ಬಿಸಿ ಏರಿದಂತೆ ಕಡಿಮೆಯಾಗುತ್ತ ಬಂದು ನೂರು ಡಿಗ್ರಿಯಲ್ಲಿ ಸುಮಾರು 43 ಗ್ರಾಮಿಗೆ ಇಳಿಯುತ್ತದೆ.

ಗ್ಲೌಬರನು 1646ರಿಂದ 1649ರ ವರೆಗೆ ಹೊಸ ಬಗೆಯ ಕುಲುಮೆಗಳನ್ನು ಕುರಿತು ಐದು ಭಾಗಗಳ ಗ್ರಂಥವನ್ನು ಪ್ರಕಟಿಸಿದನು. ವಿದ್ವಾಂಸರ ಲ್ಯಾಟಿನ್ ಭಾಷೆಯನ್ನು ಬಿಟ್ಟು ತನ್ನ ಜನರ ಜರ್ಮನ್ ಭಾಷೆಯಲ್ಲಿ ಅದನ್ನು ಬರೆದನು. ಯುದ್ಧದಿಂದ ಬಡವಾದ ತನ್ನ ನಾಡು ತನ್ನಲ್ಲಿರುವ ಅದಿರು, ಕಟ್ಟಿಗೆ, ಧಾನ್ಯ, ದ್ರಾಕ್ಷಿಗಳನ್ನೇ ಬಳಸಿಕೊಂಡು ಹೇಗೆ ಏಳಿಗೆ ಹೊಂದಬಹುದೆಂಬುದನ್ನು ಮುಂದೆ ಬೇರೊಂದು ಗ್ರಂಥದಲ್ಲಿ ವಿವರಿಸಿದನು. ಪೆಟ್ಲುಪ್ಪು ಬೆಳೆಗಳಿಗೆ ಪುಷ್ಟಿಕೊಡುತ್ತದೆಂದು ಆ ಕಾಲದಲ್ಲಿಯೇ ಹೇಳಿದವನು ಅವನು. ರಸಾಯನ ಉದ್ಯಮದ ಮೊದಲಿಗರಲ್ಲಿ ಅವನನ್ನು ಎಣಿಸುವುದು ಈ ಕಾರಣಗಳಿಂದ.

ಆದರೆ ಅವನಲ್ಲಿ ದೋಷಗಳಿರಲಿಲ್ಲವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ತನ್ನ ಲವಣವನ್ನು ಅವನು ಮಿತಿಮೀರಿ ನಂಬಿದನು. ಒಳಗೂ ಹೊರಗೂ ಅನೇಕ ವ್ಯಾಧಿಗಳಿಗೆ ಅದೇ ಮದ್ದೆಂದು ಸಾರಿದನು. ಅದು ಒಳ್ಳೆಯ ಭೇದಿಯ ಔಷಧಿಯೆಂಬುದಷ್ಟೇ ಕಾಲದ ಪರೀಕ್ಷೆಯಲ್ಲಿ ಉಳಿದ ಸತ್ಯ. ಕೀಳು ಲೋಹವನ್ನು ಚಿನ್ನವಾಗಿಸಬಹುದೆಂಬ ರಸವಾದದ ಭ್ರಮೆಯೂ ಅವನನ್ನು ಬಿಡಲಿಲ್ಲ. ಕೆಲವು ವಿಧಾನಗಳನ್ನು ಗ್ರಂಥದಲ್ಲಿ ತೆರೆದು ತೋರಿಸಿದರೆ, ಕೆಲವನ್ನು ಗುಟ್ಟಾಗಿಟ್ಟು ಹಣಕ್ಕೆ ಮಾರುತ್ತಿದ್ದನು. ಆ ಗುಟ್ಟುಗಳಿಂದಲೇ ಅವನ ಸಹಾಯಕನೊಡನೆ ಜಗಳವೆದ್ದು, ಇಬ್ಬರೂ ಒಬ್ಬರ ಮೇಲೊಬ್ಬರು ಪುಸ್ತಿಕೆಗಳನ್ನು ಅಚ್ಚುಹಾಕಿಸುವ ಮಟ್ಟಕ್ಕೆ ಹೋಯಿತು.

ಸಂಸಾರ ದೊಡ್ಡದು, ವರಮಾನ ನಿಶ್ಚಿತವಲ್ಲ. 1649ರಲ್ಲಿ ಅವನು ಸಾಲದಲ್ಲಿ ಮುಳುಗಿ ದಿವಾಳಿಯಾದನು. ಜರ್ಮನಿಗೆ ಹಿಂದಿರುಗಿ ವೆರ್ಟ್‌ಹೈಮ್, ಕಿಟ್ಸಿಂಗೆನ್ ಎಂಬ ಊರುಗಳಲ್ಲಿ ಕೆಲವು ವರ್ಷ ನೆಲೆಸಿ, ಮತ್ತೆ ಆಮ್‌ಸ್ಟರ್‌ಡಾಮಿಗೆ ಬಂದು ದೊಡ್ಡ ಪ್ರಯೋಗಶಾಲೆಯನ್ನು ಕಟ್ಟಿದನು. ಲವಣಗಳ ಸ್ವಭಾವವನ್ನು ಕುರಿತ ಅವನ ಗ್ರಂಥವು 1658ರಲ್ಲಿ ಹೊರಬಂದಿತು. ಆದರೆ 1660ರ ಸುಮಾರಿಗೆ ಶರೀರವು ಕುಸಿಯಿತು. ಜೀವಮಾನವಿಡೀ ಪಾದರಸ ಮೊದಲಾದ ವಿಷಪದಾರ್ಥಗಳ ಹೊಗೆಯನ್ನು ಕುಡಿದುದೇ ಇದಕ್ಕೆ ಕಾರಣವಿರಬೇಕೆಂದು ಊಹಿಸಲಾಗಿದೆ. 1666ರಲ್ಲಿ ಗಾಡಿಯಿಂದ ಬಿದ್ದ ಮೇಲೆ ಅವನು ಹಾಸಿಗೆ ಹಿಡಿದನು. ಹೊಟ್ಟೆಪಾಡಿಗಾಗಿ ಪ್ರಯೋಗಶಾಲೆಯ ಉಪಕರಣಗಳನ್ನೂ ಪುಸ್ತಕಗಳನ್ನೂ ಮಾರಬೇಕಾಯಿತು. 1670ರ ಮಾರ್ಚ್ ತಿಂಗಳಲ್ಲಿ ಅವನು ಕಾಲವಾದನು.

ಮನುಷ್ಯನು ಹೋದನು, ಲವಣವು ಉಳಿಯಿತು. 1791ರಲ್ಲಿ ಫ್ರಾನ್ಸಿನ ನಿಕೊಲಾಸ್ ಲೆಬ್ಲಾಂಕನು ಗ್ಲೌಬರನ ಕ್ರಿಯೆಯನ್ನೇ ಮೊದಲ ಹೆಜ್ಜೆಯಾಗಿಟ್ಟುಕೊಂಡು, ಉಪ್ಪಿನಿಂದ ಸೋಡಿಯಂ ಸಲ್ಫೇಟನ್ನೂ ಅದನ್ನು ಸುಣ್ಣಕಲ್ಲು ಮತ್ತು ಇದ್ದಿಲಿನೊಡನೆ ಕಾಯಿಸಿ ಸೋಡಾವನ್ನೂ ಪಡೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಸಾಬೂನು ಮತ್ತು ಗಾಜಿನ ಉದ್ಯಮಗಳು ಇದರಿಂದ ಬೆಳೆದವು. ಇಂದು ಈ ಲವಣವು ಮುಖ್ಯವಾಗಿ ಎರಡು ದಾರಿಗಳಿಂದ ಬರುತ್ತದೆ. ಒಂದು, ನಿಸರ್ಗದ ದಾರಿ: ರಾಜಸ್ಥಾನದ ಡೀಡವಾನಾದಂತಹ ಉಪ್ಪುನೀರಿನ ಸರೋವರಗಳು. ಇನ್ನೊಂದು, ಕಾರ್ಖಾನೆಗಳ ಉಳಿಕೆ. ನಮ್ಮ ರಾಜ್ಯದಲ್ಲಿಯೇ ಹರಿಹರದ ಬಳಿಯ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ವಿಸ್ಕೋಸ್ ಎಂಬ ಕೃತಕ ನಾರನ್ನು ತಯಾರಿಸುತ್ತಾರೆ. ಕಾಸ್ಟಿಕ್ ಸೋಡಾದಲ್ಲಿ ಕರಗಿದ ತಿರುಳು ಗಂಧಕಾಮ್ಲದ ತೊಟ್ಟಿಗೆ ಇಳಿದಾಗ ನಾರು ಗಟ್ಟಿಯಾಗುತ್ತದೆ. ಸೋಡಾವೂ ಆಮ್ಲವೂ ಕೂಡಿ ಅದೇ ಸೋಡಿಯಂ ಸಲ್ಫೇಟು ಉಂಟಾಗುತ್ತದೆ.

ಉಪಯೋಗಗಳೂ ಹಲವು. ಬಟ್ಟೆ ಒಗೆಯುವ ಪುಡಿಗಳಲ್ಲಿ ಇದನ್ನು ಬೆರೆಸುತ್ತಾರೆ. ಗಾಜನ್ನು ಕರಗಿಸುವಾಗ ಒಳಗಿನ ಗುಳ್ಳೆಗಳನ್ನು ಹೊರಡಿಸಲು ಹಾಕುತ್ತಾರೆ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ತಿರುಳು ಬೇಯಿಸುವ ಪದ್ಧತಿಗೆ ಸಲ್ಫೇಟ್ ಪದ್ಧತಿಯೆಂದೇ ಇನ್ನೊಂದು ಹೆಸರು. ಈ ಪದ್ಧತಿಯಲ್ಲಿ ಕಳೆದುಹೋಗುವ ರಾಸಾಯನಿಕವನ್ನು ತುಂಬಿಕೊಳ್ಳಲು ಈ ಲವಣವನ್ನು ಕುಲುಮೆಗೆ ಸೇರಿಸುವುದು ವಾಡಿಕೆ. ಇನ್ನು ನಮ್ಮ ಬಣ್ಣದ ಕಡಾಯಿಯ ವಿಷಯ. ನೀರಿನಲ್ಲಿ ಹತ್ತಿಯ ಎಳೆಯ ಮೇಲೆ ಋಣ ವಿದ್ಯುದಂಶವಿರುತ್ತದೆ. ಕರಗಿದ ಬಣ್ಣದ ಕಣಗಳಿಗೂ ಋಣ ವಿದ್ಯುದಂಶವೇ. ಸಜಾತಿಗಳು ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪಿನಲ್ಲಿರುವ ಸೋಡಿಯಂನ ಧನ ಅಯಾನುಗಳು ಈ ವಿರೋಧವನ್ನು ತಗ್ಗಿಸಿ, ಬಣ್ಣವನ್ನು ಎಳೆಯ ಬಳಿಗೆ ತರುತ್ತವೆ. ಹೊಲದಲ್ಲಿ ಬೆಳೆದು ಬೈಲಹೊಂಗಲದ ಪೇಟೆಗೆ ಬಂದ ಹತ್ತಿಯು ಬಣ್ಣದ ಸೀರೆಯಾಗಿ ಮನೆ ಸೇರುವ ದಾರಿಯಲ್ಲಿ ಗ್ಲೌಬರನ ಲವಣಕ್ಕೂ ಹೀಗೆ ಒಂದು ಪಾಲಿದೆ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಉಪ್ಪು ಬಣ್ಣವನ್ನು ಎಳೆಗೆ ಸೇರಿಸುತ್ತದೆಯೇ ಹೊರತು ತಾನು ಎಳೆಗೆ ಸೇರುವುದಿಲ್ಲ. ಹಾಕಿದ ಉಪ್ಪಿನ ಬಹುಪಾಲು ಉಳಿದ ನೀರಿನೊಡನೆಯೇ ಹೊರಗೆ ಹೋಗುತ್ತದೆ. ಆ ನೀರು ಸೇರುವುದು ನಮ್ಮ ನೆಲವನ್ನೇ. ಸವದತ್ತಿಯ ಸಮೀಪ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆಗಿ 1970ರ ದಶಕದಲ್ಲಿ ಕಾಲುವೆಗಳಿಗೆ ನೀರು ಹರಿದಾಗ ಎರೆನಾಡಿಗೆ ಹೊಸ ಜೀವ ಬಂದಿತು. ಆದರೆ ಬಸಿದು ಹೋಗಲು ದಾರಿಯಿಲ್ಲದೆ ನೀರು ನಿಂತ ಕಡೆಗಳಲ್ಲಿ ಮಣ್ಣಿನೊಳಗಿನ ಲವಣಗಳು ಮೇಲಕ್ಕೇರಿ, ಒಳ್ಳೆಯ ಹೊಲಗಳು ಸವಳು-ಜವಳಾದುದನ್ನು ನಮ್ಮ ರೈತರು ನೋವಿನಿಂದ ಕಂಡಿದ್ದಾರೆ. ಸವಳು ನೆಲದ ಮೇಲೆ ಬೇಸಿಗೆಯಲ್ಲಿ ಕಾಣುವ ಬಿಳಿಯ ಪುಡಿಯಲ್ಲಿ ಅಡಿಗೆಯ ಉಪ್ಪಿನ ಜೊತೆಗೆ ಸೋಡಿಯಂ ಸಲ್ಫೇಟು ಸಹ ಇರುವುದುಂಟು. ಇದನ್ನು ತೊಳೆಯಲು ಬಸಿಗಾಲುವೆ ಬೇಕು, ನೀರಿನ ಮಿತವಾದ ಬಳಕೆ ಬೇಕು, ಉಪ್ಪುನೀರನ್ನು ಹೊಲಕ್ಕೆ ಬಿಡದಿರುವ ಎಚ್ಚರ ಬೇಕು.

ಒಂದೇ ಲವಣವು ಕಡಾಯಿಯಲ್ಲಿ ಮಿತ್ರ, ಹೊಲದಲ್ಲಿ ಶತ್ರು. ಅದರ ಗುಣ ಬದಲಾಗಿಲ್ಲ; ಇರುವ ಸ್ಥಳ ಬದಲಾಗಿದೆ, ಪ್ರಮಾಣ ಬದಲಾಗಿದೆ. ಇದನ್ನೇ ಗ್ಲೌಬರನು ತನ್ನ ಅತಿಯಾದ ನಂಬಿಕೆಯಲ್ಲಿ ಮರೆತಿದ್ದನು. ಆದರೆ ಅವನ ಇನ್ನೊಂದು ಗುಣವನ್ನು ನಾವು ಮರೆಯಬಾರದು. ಕೆಲಸ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಏನು ಉಳಿಯಿತು ಎಂದು ಅವನು ಬಗ್ಗಿ ನೋಡಿದನು. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಲವಣದ ಪರೀಕ್ಷೆ ಮಾಡುವ ಮಕ್ಕಳು, ಉತ್ತರವನ್ನು ಬರೆದೊಡನೆ ನಳಿಕೆಯನ್ನು ತೊಳೆದಿಡುವ ಮುಂಚೆ, ಒಮ್ಮೆ ಅದರ ತಳವನ್ನೂ ನೋಡಲಿ. ಬೆಳೆದು ನೇಕಾರರೋ ರೈತರೋ ಉದ್ಯಮಿಗಳೋ ಆದಾಗ, ತಾವು ಹೊರಗೆ ಚೆಲ್ಲುವ ನೀರು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನೂ ನೋಡಲಿ.